ಗೆರೆಯ ಕೆಳಗಿನ ಮಿಲ್ಲುಗಳ ಕರೆಂಟು ಲೆಕ್ಕ ಕೇಳೋರು ಯಾರು?

ಬತ್ತಲಗುಂಡು: ಎರಡು ತಿಂಗಳಿಗೊಮ್ಮೆ ಬರುವ ಮನೆ ಕರೆಂಟು ಬಿಲ್ಲು ಇನ್ನೂರು ರೂಪಾಯಿ ಜಾಸ್ತಿ ಬಂದರೆ ಸಾಕು, ಮನೆಮಂದಿಯೆಲ್ಲ ವಿಚಾರಣೆಗೆ ಕೂರುತ್ತಾರೆ. ಮೋಟಾರು ಆರಿಸದೆ ಬಿಟ್ಟವರು ಯಾರು, ಫ್ಯಾನು ತಿರುಗುತ್ತಿರುವಾಗಲೇ ಅಂಗಡಿಗೆ ಹೋದವರು ಯಾರು ಅಂತ ಪತ್ತೆಯಾಗುವವರೆಗೆ ಬಿಡೋದಿಲ್ಲ. ಆದರೆ ಅದೇ ಮನೆಯ ಮಗನೋ ಸೊಸೆಯೋ ಪಾಳಿ ಮೇಲೆ ದುಡಿಯಲು ಹೋಗುವ ನೂಲಿನ ಮಿಲ್ಲು ತಿಂಗಳಿಗೆ ಏಳು ಲಕ್ಷ ಯೂನಿಟ್ ಎಳೆಯುತ್ತಿದ್ದರೂ, ಅದರಲ್ಲಿ ನೂಲಾಗಿದ್ದು ಎಷ್ಟು, ಗಾಳಿಗೆ ಹೋಗಿದ್ದು ಎಷ್ಟು ಎಂದು ಹೊರಗಿನವರು ಬಂದು ನೋಡಲೇಬೇಕೆಂಬ ನಿಯಮವಿಲ್ಲ.

ಕಾನೂನೇ ಇಲ್ಲವೆಂದಲ್ಲ. ಇಂಧನ ಸಂರಕ್ಷಣಾ ಕಾಯ್ದೆ 2001ರಲ್ಲೇ ಬಂತು, 2002ರ ಮಾರ್ಚ್ 1ರಿಂದ ಜಾರಿಯಾಯಿತು. ಅದರ ಕೆಳಗೆ ಹುಟ್ಟಿದ್ದು ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ. ಫ್ರಿಜ್ಜು, ಏಸಿಗಳ ಮೇಲೆ ನಕ್ಷತ್ರದ ಸ್ಟಿಕ್ಕರು ಕಾಣುತ್ತದಲ್ಲ, ಅದು ಇದೇ ಸಂಸ್ಥೆಯದು. ಹೆಚ್ಚು ಇಂಧನ ನುಂಗುವ ಕಾರ್ಖಾನೆಗಳನ್ನು ಗುರುತಿಸಿ, ಮಾನ್ಯತೆ ಪಡೆದ ಆಡಿಟರ್‌ನಿಂದ ಇಂಧನ ಲೆಕ್ಕಪರಿಶೋಧನೆ ಮಾಡಿಸುವುದನ್ನು ಈ ಕಾಯ್ದೆ ಕಡ್ಡಾಯ ಮಾಡಿದೆ. 2010ರ ನಿಯಮಾವಳಿಯಂತೆ ಮೊದಲ ಆಡಿಟ್ ಆದ ಮೇಲೆ ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಜೊತೆಗೆ ಪರೀಕ್ಷೆ ಪಾಸಾದ ಎನರ್ಜಿ ಮ್ಯಾನೇಜರ್ ಒಬ್ಬರು ಕಾರ್ಖಾನೆಯಲ್ಲಿ ಇರಲೇಬೇಕು.

ಪ್ರಶ್ನೆ ಇರುವುದು ಯಾರಿಗೆ ಕಡ್ಡಾಯ ಎಂಬಲ್ಲಿ.

ಮೂರು ಸಾವಿರದ ಗೆರೆ

2007ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಂಬತ್ತು ವಲಯಗಳ ದೊಡ್ಡ ಬಳಕೆದಾರರನ್ನು ಗುರುತಿಸಿ ಅಧಿಸೂಚನೆ ಹೊರಡಿಸಿತು. ಸಿಮೆಂಟ್, ಉಕ್ಕು, ರಸಗೊಬ್ಬರ, ಕಾಗದದಂಥ ವಲಯಗಳಿಗೆ ವರ್ಷಕ್ಕೆ 30,000 ಟನ್ ತೈಲಕ್ಕೆ ಸಮಾನವಾದ ಇಂಧನ ಬಳಕೆಯ ಗೆರೆ. ಜವಳಿಗೆ ಆ ಗೆರೆ 3,000 ಟನ್. ಸಿಮೆಂಟಿನ ಹತ್ತನೇ ಒಂದು ಪಾಲು ಎಂದ ಕೂಡಲೇ ಸಣ್ಣ ಮಿಲ್ಲುಗಳೂ ಸಿಕ್ಕಿಬಿದ್ದವು ಎಂದು ಯಾರಿಗಾದರೂ ಅನ್ನಿಸೀತು. ಲೆಕ್ಕ ಹಾಕಿದರೆ ಹಾಗಿಲ್ಲ.

ಒಂದು ಟನ್ ತೈಲಕ್ಕೆ ಸಮಾನ ಅಂದರೆ ಸುಮಾರು 11,630 ಯೂನಿಟ್ ಕರೆಂಟು. 3,000 ಟನ್ ಅಂದರೆ ವರ್ಷಕ್ಕೆ 3 ಕೋಟಿ 49 ಲಕ್ಷ ಯೂನಿಟ್. ಹಗಲು ರಾತ್ರಿ, ದೀಪಾವಳಿ, ಪೊಂಗಲ್ ಎನ್ನದೆ ಒಂದೇ ಸಮನೆ ನಾಲ್ಕು ಮೆಗಾವ್ಯಾಟ್ ಎಳೆಯುವ ಮಿಲ್ಲು ಮಾತ್ರ ಈ ಗೆರೆ ಮುಟ್ಟುತ್ತದೆ. ಒಂದು ಮೆಗಾವ್ಯಾಟ್ ಎಳೆಯುವ ಮಿಲ್ಲು, ಅಂದರೆ ಅಂದಾಜು ಇಪ್ಪತ್ತೈದು ಸಾವಿರ ಸ್ಪಿಂಡಲ್‌ಗಳದ್ದು, ವರ್ಷವಿಡೀ ಓಡಿದರೂ ಮುಟ್ಟುವುದು 753 ಟನ್. ಗೆರೆಯ ಕಾಲು ಭಾಗ!

ದಿಂಡಿಗಲ್ ಜಿಲ್ಲೆಯ ವೇಡಸಂದೂರು, ನಿಲಕೋಟೆ ಸುತ್ತಮುತ್ತ, ತೇನಿ ಜಿಲ್ಲೆಯ ಆಂಡಿಪಟ್ಟಿ ಕಡೆ ಇರುವ ನೂಲಿನ ಮಿಲ್ಲುಗಳಲ್ಲಿ ಲಕ್ಷ ಸ್ಪಿಂಡಲ್ ದಾಟಿದ ದೊಡ್ಡ ಕುಳಗಳೂ ಇವೆ, ಅವು ಗೆರೆಯ ಮೇಲೆ. ಹತ್ತು, ಇಪ್ಪತ್ತು, ಮೂವತ್ತು ಸಾವಿರ ಸ್ಪಿಂಡಲ್‌ಗಳಲ್ಲಿ ಜೀವ ಹಿಡಿದಿರುವವು ಗೆರೆಯ ಕೆಳಗೆ. ಬೆಳಗಿನ ಜಾವ ಬತ್ತಲಗುಂಡಿನ ಸುತ್ತಿನ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುವ ಮಿಲ್ಲು ಬಸ್ಸುಗಳಲ್ಲಿ ಎರಡೂ ಬಗೆಯ ಮಿಲ್ಲುಗಳ ಹೆಸರು ಇರುತ್ತದೆ. ಒಳಗೆ ಕೂತವರಿಗೆ ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಗೊತ್ತಿರೋದಿಲ್ಲ, ಯಾರೂ ಹೇಳಿರೋದಿಲ್ಲ.

ಈ ಸೀಮೆಯ ಕನ್ನಡ ಮನೆಗಳಿಗೂ ಮಿಲ್ಲಿಗೂ ಇರುವ ನಂಟು ಇಂದಿನದಲ್ಲ. ಕಂಬಂ ಕಣಿವೆಯ ಒಕ್ಕಲಿಗರು ದ್ರಾಕ್ಷಿ, ತೆಂಗು, ಬಾಳೆ ನಂಬಿದವರಾದರೂ ಮಳೆ ಕೈಕೊಟ್ಟ ವರ್ಷ ಮಕ್ಕಳು ಮಿಲ್ಲಿನ ದಾರಿ ಹಿಡಿಯುತ್ತಾರೆ. ಬೋಡಿನಾಯಕನೂರು, ಚಿನ್ನಾಳಪಟ್ಟಿಯ ದೇವಾಂಗರಿಗಂತೂ ನೂಲೇ ಬದುಕು. ಮಿಲ್ಲಿನಲ್ಲಿ ನೂಲಿನ ಬೆಲೆ ಕಿಲೋಗೆ ಐದು ರೂಪಾಯಿ ಏರಿದರೆ ಮಗ್ಗದ ಮನೆಯಲ್ಲಿ ಅದು ಆ ವಾರವೇ ಗೊತ್ತಾಗುತ್ತದೆ.

ಆಡಿಟರ್ ಬಂದರೆ ನೋಡೋದೇನು?

ಆಡಿಟ್ ಅಂದರೆ ಸಾಮಾನ್ಯವಾಗಿ ಕಣ್ಣ ಮುಂದೆ ಬರುವುದು ಫೈಲು, ರಶೀದಿ, ಕೆಂಪು ಪೆನ್ನು. ಇಂಧನದ ಆಡಿಟ್ ಹಾಗಲ್ಲ. ಆಡಿಟರ್ ಮೀಟರು, ಕ್ಲ್ಯಾಂಪು, ಉಷ್ಣಮಾಪಕ ಹಿಡಿದು ಮೆಷಿನ್ನಿನ ಪಕ್ಕದಲ್ಲೇ ನಿಲ್ಲಬೇಕು. ನೂಲಿನ ಮಿಲ್ಲಿನಲ್ಲಿ ಅವರು ಹುಡುಕುವ ಮುಖ್ಯ ಅಂಕಿ ಒಂದೇ: ಒಂದು ಕಿಲೋ ನೂಲಿಗೆ ಎಷ್ಟು ಯೂನಿಟ್ ಖರ್ಚಾಯಿತು? ನೂಲು ಸಣ್ಣದಾದಷ್ಟೂ ಕರೆಂಟು ಜಾಸ್ತಿ ಬೇಕು. ಹಾಗಾಗಿ ಎಲ್ಲವನ್ನೂ 40ನೇ ನಂಬರ್ ನೂಲಿಗೆ ಪರಿವರ್ತಿಸಿ ಹೋಲಿಸುವ ಪದ್ಧತಿಯಿದೆ. 1956ರಲ್ಲಿ ಶುರುವಾದ ಕೊಯಮತ್ತೂರಿನ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘ, ಮಿಲ್ಲಿನವರ ಬಾಯಲ್ಲಿ ಸಿಟ್ರಾ, ಇಂಥ ಅಧ್ಯಯನ, ಆಡಿಟ್‌ಗಳನ್ನು ಬಹಳ ಕಾಲದಿಂದ ಮಾಡುತ್ತ ಬಂದಿದೆ. ಕರೆದವರಿಗೆ ಮಾತ್ರ, ಅದು ಬೇರೆ ಮಾತು.

ಕರೆಂಟಿನ ದೊಡ್ಡ ಪಾಲು ತಿನ್ನೋದು ರಿಂಗ್ ಫ್ರೇಮು. ಸಾವಿರಾರು ಸ್ಪಿಂಡಲ್‌ಗಳು ನಿಮಿಷಕ್ಕೆ ಹದಿನೈದು ಸಾವಿರ ಸುತ್ತಿಗೂ ಮೇಲೆ ತಿರುಗುವ ಜಾಗವದು. ಸ್ಪಿಂಡಲ್‌ಗೆ ಎಣ್ಣೆ ಯಾವಾಗ ಬದಲಾಯಿತು, ಟೇಪು ಸಡಿಲವಾಗಿದೆಯೇ, ಮುರಿದ ಎಳೆ ಎಳೆದುಕೊಳ್ಳುವ ಹೀರುಫ್ಯಾನು ಬೇಕಾದ್ದಕ್ಕಿಂತ ದೊಡ್ಡದೇ ಎಂಬುದರಲ್ಲೆಲ್ಲ ಯೂನಿಟ್ ಅಡಗಿರುತ್ತದೆ. ಅದರ ನಂತರ ಗಾಳಿಗೆ ತೇವ ಕೊಡುವ ಹ್ಯುಮಿಡಿಫಿಕೇಷನ್ ಪ್ಲಾಂಟು. ಆಮೇಲೆ ಕಂಪ್ರೆಸರ್.

ಕಂಪ್ರೆಸರ್ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಮಿಲ್ಲಿನಲ್ಲಿ ಅತ್ಯಂತ ದುಬಾರಿ ವಸ್ತು ಅಲ್ಲಿನ ಒತ್ತಿದ ಗಾಳಿ. ಏಳು ಬಾರ್ ಒತ್ತಡದ ಪೈಪಿನಲ್ಲಿ ಮೂರು ಮಿಲಿಮೀಟರ್ ತೂತಿದ್ದರೆ ಅದನ್ನು ತುಂಬಿಸಲು ಕಂಪ್ರೆಸರ್ ಹೆಚ್ಚೂಕಡಿಮೆ 3 ಕಿಲೋವ್ಯಾಟ್ ಎಳೆಯುತ್ತಿರುತ್ತದೆ. ವರ್ಷಕ್ಕೆ 8,000 ಗಂಟೆ ಓಡಿದರೆ 24,000 ಯೂನಿಟ್. ತೂತಿನ ಗಾತ್ರ ಒಂದು ಕಡಲೆಬೇಳೆಗಿಂತ ಚಿಕ್ಕದು. ಬುಸ್ಸೆನ್ನುವ ಸದ್ದು ಮೆಷಿನ್ನಿನ ಗಲಾಟೆಯಲ್ಲಿ ಕೇಳೋದಿಲ್ಲ. ಮೆಷಿನ್ ನಿಲ್ಲೋ ರಜೆಯ ದಿನ ಸುತ್ತಾಡಿದರೆ ಮಾತ್ರ ಕೇಳುತ್ತದೆ, ಅವತ್ತು ಯಾರೂ ಇರೋದಿಲ್ಲ.

ಸುಟ್ಟ ಮೋಟಾರಿನ ಕಥೆಯೂ ಇಂಥದ್ದೇ. ಹೊಸ ಮೋಟಾರಿಗೆ ದುಡ್ಡು ಸಾಲದೆ ದಿಂಡಿಗಲ್‌ನಲ್ಲೋ ತೇನಿಯಲ್ಲೋ ರಿವೈಂಡಿಂಗ್ ಮಾಡಿಸಿ ತಂದು ಕೂರಿಸುತ್ತಾರೆ. ತಪ್ಪೇನಿಲ್ಲ. ಆದರೆ ರಿವೈಂಡಿಂಗ್ ಸರಿಯಾಗಿ ಆಗದಿದ್ದರೆ ಪ್ರತಿ ಸಲವೂ ದಕ್ಷತೆ ಶೇ. 1ರಿಂದ 2ರಷ್ಟು ಕಳೆದುಹೋಗುವ ಸಾಧ್ಯತೆಯಿದೆ. 30 ಕಿಲೋವ್ಯಾಟ್‌ನ ಒಂದು ಮೋಟಾರಿಗೆ ಶೇ. 2 ಅಂದರೆ ವರ್ಷಕ್ಕೆ 4,800 ಯೂನಿಟ್. ಯೂನಿಟ್‌ಗೆ 7 ರೂ. ಹಿಡಿದರೂ 33,600 ರೂ. ಅಂಥ ಮೋಟಾರುಗಳು ಒಂದು ಮಿಲ್ಲಿನಲ್ಲಿ ಎಷ್ಟಿರಬಹುದು ಎಂಬುದನ್ನು ಅಲ್ಲಿನ ಎಲೆಕ್ಟ್ರಿಷಿಯನ್ ಬೆರಳಲ್ಲೇ ಎಣಿಸಬಲ್ಲರು. ಅವರನ್ನು ಕೇಳಬೇಕಷ್ಟೆ.

ಒಟ್ಟು ಎಷ್ಟಾಗುತ್ತದೆ? ದಿನಕ್ಕೆ 5 ಟನ್ ನೂಲು ತೆಗೆಯುವ, ಕಿಲೋಗೆ 5 ಯೂನಿಟ್ ಖರ್ಚು ಮಾಡುವ ಮಿಲ್ಲು ಎಂದಿಟ್ಟುಕೊಳ್ಳಿ. ಕಿಲೋಗೆ ಅರ್ಧ ಯೂನಿಟ್ ಉಳಿದರೆ ದಿನಕ್ಕೆ 2,500 ಯೂನಿಟ್, 17,500 ರೂ. ವರ್ಷಕ್ಕೆ 350 ದಿನ ಹಿಡಿದರೆ 61 ಲಕ್ಷ ರೂ. ದಾಟುತ್ತದೆ. ನೂಲಿನ ಮಿಲ್ಲಿಗೆ ಹತ್ತಿಯ ನಂತರ ದೊಡ್ಡ ಖರ್ಚುಗಳಲ್ಲಿ ಕರೆಂಟೂ ಒಂದು. ಹತ್ತಿ ದರ ಮಿಲ್ಲಿನವರ ಕೈಯಲ್ಲಿಲ್ಲ, ನೂಲಿನ ದರವೂ ಇಲ್ಲ. ಆಗ ಕತ್ತರಿ ಬೀಳೋದು ಎಲ್ಲಿಗೆ? ಓವರ್‌ಟೈಮಿಗೆ, ಬೋನಸ್ಸಿಗೆ, ಕೊನೆಗೆ ಒಂದು ಪಾಳಿಗೆ. ಪೈಪಿನ ತೂತು ಮುಚ್ಚುವ ಮೊದಲು ಪಾಳಿ ಮುಚ್ಚುವುದು ಯಾವ ನ್ಯಾಯ ಎಂದು ಕಾರ್ಮಿಕರ ಕಡೆಯಿಂದ ಕೇಳುವವರು ಕಡಿಮೆ. ಕೇಳಲು ಅಂಕಿಯೂ ಕೈಯಲ್ಲಿರೋದಿಲ್ಲ.

ಉಳಿತಾಯದ ಹೆಸರಲ್ಲಿ ಇನ್ನೊಂದು ಅಪಾಯವಿದೆ. ಆಡಿಟ್ ಇಲ್ಲದೆ ಬಿಲ್ಲು ಇಳಿಸಲು ಹೊರಟವರಿಗೆ ಮೊದಲು ಕಾಣುವ ಸ್ವಿಚ್ಚು ಹ್ಯುಮಿಡಿಫಿಕೇಷನ್ ಪ್ಲಾಂಟಿನದು. ಅದರ ಫ್ಯಾನು ಆರಿಸಿದರೆ ಯೂನಿಟ್ ಇಳಿಯುತ್ತದೆ ನಿಜ. ಒಳಗೆ ಬೇಗೆ ಏರುತ್ತದೆ, ಹತ್ತಿಯ ಪುಡಿ ಗಾಳಿಯಲ್ಲೇ ನಿಲ್ಲುತ್ತದೆ, ಎಳೆಯೂ ಹೆಚ್ಚು ಮುರಿಯುತ್ತದೆ. ಎಂಟು ಗಂಟೆ ಅದರೊಳಗೆ ಓಡಾಡುವ ಹೆಣ್ಣುಮಗಳ ಎದೆಯೊಳಗೆ ಹೋಗುವ ಪುಡಿ ಯಾವ ಬಿಲ್ಲಿನಲ್ಲೂ ಬರೋದಿಲ್ಲ. ಒಳ್ಳೆ ಆಡಿಟರ್ ಆದವರು ಫ್ಯಾನು ಆರಿಸಿ ಎನ್ನುವುದಿಲ್ಲ. ಫ್ಯಾನಿನ ರೆಕ್ಕೆ ಬದಲಿಸಿ, ಹೊರಗಿನ ಹವೆ ನೋಡಿಕೊಂಡು ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್ ಹಾಕಿ ಎನ್ನುತ್ತಾರೆ.

ಘಾಟಿ ಹತ್ತಿದರೆ ಬೇರೆ ನಿಯಮ

ಬತ್ತಲಗುಂಡಿನಿಂದ ತೇನಿ, ಕಂಬಂ ದಾಟಿ ಹೆದ್ದಾರಿಯಲ್ಲೇ ಹೋದರೆ ಲೋಯರ್ ಕ್ಯಾಂಪ್. ಮುಲ್ಲಪೆರಿಯಾರ್ ನೀರಿನಿಂದ ಕರೆಂಟು ಹುಟ್ಟುವ ಜಾಗ. ಅಲ್ಲಿಂದ ಘಾಟಿ ಹತ್ತಿದರೆ ಕುಮಳಿ, ಕೇರಳ. ಗುಡ್ಡ ಹತ್ತಿದ ಕೂಡಲೇ ಲೆಕ್ಕ ಕೇಳುವ ಗೆರೆಯೂ ಬದಲಾಗುತ್ತದೆ. ಕೇರಳ ಸರ್ಕಾರ 2011ರಲ್ಲೇ ಆದೇಶ ಹೊರಡಿಸಿ ಎಚ್‌.ಟಿ. ಮತ್ತು ಅದಕ್ಕೂ ಮೇಲಿನ ವೋಲ್ಟೇಜಿನ ಎಲ್ಲ ವಿದ್ಯುತ್ ಬಳಕೆದಾರರಿಗೂ ಇಂಧನ ಆಡಿಟ್ ಕಡ್ಡಾಯ ಮಾಡಿತು. ಅಲ್ಲಿ ಈ ಕೆಲಸ ನೋಡಿಕೊಳ್ಳುವುದು ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರ್ ಎಂಬ ಸರ್ಕಾರಿ ಸಂಸ್ಥೆ. ಕಾಸರಗೋಡಿನ ಕನ್ನಡಿಗ ಉದ್ಯಮಿಯೊಬ್ಬರು ಎಚ್‌.ಟಿ. ಕನೆಕ್ಷನ್ ಪಡೆದಿದ್ದರೆ ಅವರು ಎಷ್ಟು ಟನ್ ತೈಲಕ್ಕೆ ಸಮ ಎಂಬ ಪ್ರಶ್ನೆಯೇ ಅಲ್ಲಿಲ್ಲ, ಆಡಿಟ್ ಮಾಡಿಸಬೇಕು. ಅದೇ ಕನೆಕ್ಷನ್ ಇರುವ ನಿಲಕೋಟೆಯ ಮಿಲ್ಲಿಗೆ ಕೇಂದ್ರದ 3,000 ಟನ್ ಗೆರೆಯೇ ಗತಿ.

ಯುರೋಪ್ ಈ ವಿಷಯದಲ್ಲಿ ಸುತ್ತು ಹಾಕಿ ಬಂದಿದೆ. 2012ರ ಯುರೋಪಿಯನ್ ಒಕ್ಕೂಟದ ನಿರ್ದೇಶನ ಕಂಪನಿಯ ಗಾತ್ರ ನೋಡಿ ನಿಯಮ ಹಾಕಿತ್ತು. ಸಣ್ಣ, ಮಧ್ಯಮ ವರ್ಗಕ್ಕೆ ಸೇರದ ದೊಡ್ಡ ಕಂಪನಿಗಳೆಲ್ಲ 2015ರ ಡಿಸೆಂಬರ್ 5ರೊಳಗೆ ಮೊದಲ ಆಡಿಟ್ ಮುಗಿಸಿ, ಆಮೇಲೆ ನಾಲ್ಕು ವರ್ಷಕ್ಕೊಮ್ಮೆ ಮಾಡಿಸುತ್ತಿರಬೇಕೆಂದಿತ್ತು. ಇದರಲ್ಲೊಂದು ತಮಾಷೆ ನಡೆಯಿತು. ಜನ ಜಾಸ್ತಿ, ಕರೆಂಟು ಕಡಿಮೆ ಇರುವ ಆಫೀಸು ಕಂಪನಿಗಳು ನಿಯಮದೊಳಗೆ ಬಂದವು. ಜನ ಕಡಿಮೆ, ಕುಲುಮೆ ದೊಡ್ಡದಿರುವ ಕಾರ್ಖಾನೆ ಹೊರಗುಳಿಯುವ ದಾರಿ ಇತ್ತು. 2023ರ ಪರಿಷ್ಕೃತ ನಿರ್ದೇಶನದಲ್ಲಿ ಗಾತ್ರ ಬಿಟ್ಟು ಬಳಕೆಯನ್ನೇ ಅಳತೆಗೋಲು ಮಾಡಿಕೊಂಡರು. ವರ್ಷಕ್ಕೆ 10 ಟೆರಾಜೂಲ್ ದಾಟಿದರೆ ಆಡಿಟ್, 85 ದಾಟಿದರೆ ಇಂಧನ ನಿರ್ವಹಣೆಗೆ ಕಾಯಂ ವ್ಯವಸ್ಥೆ.

ಅಂದರೆ ಬಳಕೆ ನೋಡಿ ಹಿಡಿಯಬೇಕೆಂಬ ಬುದ್ಧಿ ಭಾರತಕ್ಕೆ ಮೊದಲೇ ಹೊಳೆದಿತ್ತು. ಈ ಮಟ್ಟಿಗೆ ಬೆನ್ನು ತಟ್ಟಿಕೊಳ್ಳಬಹುದು. ಆದರೆ 10 ಟೆರಾಜೂಲ್ ಎಂದರೆ ಸುಮಾರು 27.8 ಲಕ್ಷ ಯೂನಿಟ್, ಟನ್ ತೈಲದ ಲೆಕ್ಕದಲ್ಲಿ 239. ಇಲ್ಲಿನ ಜವಳಿ ಗೆರೆ 3,000. ಹನ್ನೆರಡು ಪಟ್ಟಿಗೂ ಹೆಚ್ಚು ಎತ್ತರ. ಒಂದು ಮೆಗಾವ್ಯಾಟಿನ ಮಿಲ್ಲು ಅಲ್ಲಿದ್ದಿದ್ದರೆ ಆಡಿಟ್ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ.

ಕತ್ತಲೆ ಕಲಿಸಿದ ಪಾಠ

ಆಡಿಟ್ ಮಾಡದೆ ಇದ್ದರೆ ನಷ್ಟ ಮಾಲೀಕರದು ತಾನೇ, ಸರ್ಕಾರಕ್ಕೇನು ಎಂದು ಕೇಳುವವರಿದ್ದಾರೆ. 2008ರಿಂದ 2015ರವರೆಗಿನ ತಮಿಳುನಾಡನ್ನು ನೆನಪು ಮಾಡಿಕೊಂಡರೆ ಉತ್ತರ ಸಿಗುತ್ತದೆ. 2008ರ ನವೆಂಬರ್ 1ರಿಂದ ಎಚ್‌.ಟಿ. ಕೈಗಾರಿಕೆಗಳಿಗೆ ಶೇ. 40ರಷ್ಟು ವಿದ್ಯುತ್ ಕಡಿತ ಜಾರಿಯಾಯಿತು. ನಿರ್ಬಂಧ ಪೂರ್ತಿ ತೆರವಾಗಿದ್ದು 2015ರ ಜೂನ್‌ನಲ್ಲಿ. ನಡುವೆ 2012ರಲ್ಲಂತೂ ಚೆನ್ನೈ ಬಿಟ್ಟು ಹೊರಗಿನ ಊರುಗಳಲ್ಲಿ ದಿನಕ್ಕೆ ಹತ್ತು ಗಂಟೆಗೂ ಮೇಲೆ ಕರೆಂಟು ಇಲ್ಲದ ದಿನಗಳಿದ್ದವು. ಪರೀಕ್ಷೆಗೆ ಓದೋ ಮಕ್ಕಳು ಮೊಂಬತ್ತಿ ಹಚ್ಚಿದ್ದು, ಬೀಸೋ ಕಲ್ಲು ಅಟ್ಟದಿಂದ ಇಳಿದಿದ್ದು ಆಗಲೇ. ಮಿಲ್ಲುಗಳು ಡೀಸೆಲ್ ಜನರೇಟರ್ ಓಡಿಸಿದವು, ಆ ಕರೆಂಟು ಇ.ಬಿ. ಕರೆಂಟಿಗಿಂತ ದುಪ್ಪಟ್ಟಿಗೂ ಮೇಲೆ ಬೀಳುತ್ತಿತ್ತು. ತಡೆಯಲಾರದವು ಪಾಳಿ ನಿಲ್ಲಿಸಿದವು.

ಒಂದು ಮಿಲ್ಲಿನಲ್ಲಿ ಪೋಲಾಗುವ ಯೂನಿಟ್ ಆ ಮಿಲ್ಲಿನದಷ್ಟೇ ಅಲ್ಲ, ಕೊರತೆಯ ದಿನ ಅದು ಪಕ್ಕದ ಮನೆಯ ದೀಪ. ವಿಚಿತ್ರವೆಂದರೆ ಜವಳಿಗೆ ಆಡಿಟ್ ಗೆರೆ ಎಳೆದದ್ದು 2007ರಲ್ಲಿ, ಕಡಿತ ಶುರುವಾದದ್ದು ಮರುವರ್ಷ. ಆ ಏಳು ವರ್ಷದಲ್ಲಿ ಗೆರೆಯನ್ನು ಕೆಳಗಿಳಿಸಲು ಅದಕ್ಕಿಂತ ಒಳ್ಳೆ ಕಾರಣ ಬೇಕಿರಲಿಲ್ಲ. ಇಳಿಯಲಿಲ್ಲ.

ಕೊರತೆ ಹೋದ ಮೇಲೆ ಬಂದಿದ್ದು ದರದ ಏಟು. 2022ರ ಸೆಪ್ಟೆಂಬರ್ 10ರಿಂದ ಎಚ್‌.ಟಿ. ಬಳಕೆದಾರರ ಡಿಮ್ಯಾಂಡ್ ಚಾರ್ಜು ತಿಂಗಳಿಗೆ ಕೆವಿಎಗೆ 350 ರೂ.ನಿಂದ 550 ರೂ.ಗೆ ಜಿಗಿಯಿತು. ಸಾವಿರದ ಇನ್ನೂರು ಕೆವಿಎ ಮಿಲ್ಲಿಗೆ ಇದೊಂದರಲ್ಲೇ ತಿಂಗಳಿಗೆ ಎರಡು ಲಕ್ಷಕ್ಕೂ ಮೇಲೆ ಹೊರೆ. ಬೆಳಿಗ್ಗೆ 6ರಿಂದ 10, ಸಂಜೆ 6ರಿಂದ 10 ಪೀಕ್ ಅವರ್ ಎಂದು ಶೇ. 25 ಹೆಚ್ಚುವರಿ. ಅಕ್ಕಿ ಗಿರಣಿಯಾದರೆ ಆ ಹೊತ್ತಿನಲ್ಲಿ ನಿಲ್ಲಿಸಬಹುದು, ಇಪ್ಪತ್ನಾಲ್ಕು ಗಂಟೆ ಓಡುವ ನೂಲಿನ ಮಿಲ್ಲು ಎಲ್ಲಿ ನಿಲ್ಲಿಸೀತು? ಸಣ್ಣ ಕೈಗಾರಿಕೆಗಳು 2023ರಲ್ಲಿ ಬೀದಿಗಿಳಿದದ್ದು ಈ ಕಾರಣಕ್ಕೇ. ಅವರ ಸಿಟ್ಟಿನಲ್ಲಿ ಹುರುಳಿತ್ತು. ಆದರೆ ದರ ಇಳಿಸಿ ಎನ್ನುವ ಕೂಗಿನ ಜೊತೆಗೆ ಪೋಲು ಹುಡುಕಲು ನೆರವು ಕೊಡಿ ಎಂಬ ಕೂಗು ಅಷ್ಟಾಗಿ ಕೇಳಿಬರಲಿಲ್ಲ.

ದಂಡ ಬಂತು, ಭಯ ಬಂತೇ?

ಗೆರೆಯ ಮೇಲಿರುವ ದೊಡ್ಡವರ ಮಟ್ಟಿಗೆ ಕಾನೂನು ಹಲ್ಲು ಮೂಡಿಸಿಕೊಂಡದ್ದೂ ನಿಧಾನವಾಗಿಯೇ. ಮೂಲ ಕಾಯ್ದೆಯಲ್ಲಿ ಮೊದಲ ಐದು ವರ್ಷ ದಂಡವೇ ಇರಲಿಲ್ಲ. ಆಮೇಲೂ ತಪ್ಪೊಂದಕ್ಕೆ ಹೆಚ್ಚೆಂದರೆ 10,000 ರೂ., ಮುಂದುವರಿಸಿದರೆ ದಿನಕ್ಕೆ ಸಾವಿರ. 3,000 ಟನ್ ಗೆರೆ ದಾಟಿದ ಮಿಲ್ಲಿನ ಒಂದು ಗಂಟೆಯ ಕರೆಂಟು ಖರ್ಚಿಗೂ ಸಮನಾಗದ ದಂಡವಿದು! 2010ರ ತಿದ್ದುಪಡಿಯಲ್ಲಿ ಅದು 10 ಲಕ್ಷಕ್ಕೆ, ದಿನದ ದಂಡ 10 ಸಾವಿರಕ್ಕೆ ಏರಿತು. ಅದೇ ಮಿಲ್ಲಿಗೆ ಇವತ್ತಿನ ದರದಲ್ಲಿ 10 ಲಕ್ಷ ಅಂದರೆ ಒಂದೂವರೆ ದಿನದ ಬಿಲ್ಲು. 2022ರ ತಿದ್ದುಪಡಿ ಬಂದ ಮೇಲೆ ನಿಗದಿಗಿಂತ ಹೆಚ್ಚು ಇಂಧನ ಬಳಸಿದವರಿಗೆ, ಹೆಚ್ಚಾದ ಪ್ರತಿ ಟನ್ನಿಗೆ ಅದರ ಬೆಲೆಯ ಎರಡರಷ್ಟರವರೆಗೆ ದಂಡ ಹಾಕಬಹುದು.

ನಿಜವಾಗಿ ಕೆಲಸ ಮಾಡಿದ್ದು ದಂಡಕ್ಕಿಂತ ಗುರಿ. 2012ರಿಂದ 2015ರವರೆಗೆ ನಡೆದ 'ಪ್ಯಾಟ್' ಯೋಜನೆಯ ಮೊದಲ ಸುತ್ತಿನಲ್ಲಿ ದೇಶದ 478 ಕಾರ್ಖಾನೆಗಳಿಗೆ ತಲಾ ಇಷ್ಟು ಇಳಿಸಬೇಕೆಂದು ಗುರಿ ಕೊಡಲಾಯಿತು. ಅದರಲ್ಲಿ 90 ಜವಳಿಯವು. ಒಟ್ಟು ಗುರಿ 66.86 ಲಕ್ಷ ಟನ್, ಸಾಧಿಸಿದ್ದು 86.7 ಲಕ್ಷ ಟನ್. ಗುರಿಗಿಂತ ಹೆಚ್ಚು ಉಳಿಸಿದವರು ಆ ಉಳಿತಾಯವನ್ನು ಪ್ರಮಾಣಪತ್ರವಾಗಿ ಮಾರಬಹುದಿತ್ತು, ಮುಟ್ಟದವರು ಕೊಳ್ಳಬೇಕಿತ್ತು. ಅಳೆದು, ಗುರಿ ಕೊಟ್ಟು, ಮತ್ತೆ ಅಳೆದರೆ ಫಲ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಈಗ ಇದರ ಜಾಗಕ್ಕೆ 2023ರಲ್ಲಿ ಪ್ರಕಟವಾದ ಇಂಗಾಲ ವಹಿವಾಟು ಯೋಜನೆ ಬರುತ್ತಿದೆ, ಜವಳಿಯೂ ಅದರ ವಲಯಗಳಲ್ಲಿ ಒಂದು. ಅಲ್ಲೂ ಲೆಕ್ಕ ದೊಡ್ಡವರದೇ.

ಕಡ್ಡಾಯ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. ಬರೀ ಕಡ್ಡಾಯಕ್ಕೆ ಮಾಡಿಸುವ ಆಡಿಟ್ ಕಾಗದದ ಆಡಿಟ್ ಆಗುತ್ತದೆ. ಹಳೇ ವರದಿಯ ಅಂಕಿ ತಿದ್ದಿ, ಎಲ್‌ಇಡಿ ಹಾಕಿ, ಬೇಡವಾದಾಗ ದೀಪ ಆರಿಸಿ ಎಂದು ನಾಲ್ಕು ಸಾಲು ಬರೆದು ಕೊಟ್ಟರೆ ಅದಕ್ಕೆ ತೆತ್ತ ಫೀಜೂ ಪೋಲು ತಾನೇ? ಆಡಿಟರ್ ಹೇಳಿದ್ದರಲ್ಲಿ ಏನೇನು ಮಾಡಿದೆವು ಎಂಬ ವರದಿಯನ್ನು ದೊಡ್ಡ ಬಳಕೆದಾರರು ಸರ್ಕಾರಿ ಸಂಸ್ಥೆಗೆ ಕೊಡಬೇಕೆಂದಿದೆ. ತಮಿಳುನಾಡಿನಲ್ಲಿ ಆ ಹೊಣೆ ವಿದ್ಯುತ್ ಪರಿವೀಕ್ಷಣಾ ಇಲಾಖೆಯದು. ಆದರೆ ಮಿಲ್ಲಿನ ನೋಟಿಸ್ ಬೋರ್ಡಿನವರೆಗೆ ಅದು ಬರೋದಿಲ್ಲ. ಕಿಲೋಗೆ ಎಷ್ಟು ಯೂನಿಟ್ ಎಂಬ ಒಂದೇ ಒಂದು ಅಂಕಿಯನ್ನು ಬೋರ್ಡಿನಲ್ಲಿ ಬರೆದರೂ, ಪಾಳಿಯಿಂದ ಪಾಳಿಗೆ ಅದು ಯಾಕೆ ಏರಿತು ಎಂದು ಫಿಟ್ಟರೂ ಕೇಳುತ್ತಾರೆ, ಡಾಫಿಂಗ್ ಹುಡುಗಿಯೂ ಕೇಳುತ್ತಾಳೆ.

ಲೆಕ್ಕ ಕೊಡಬೇಕಾದವರಲ್ಲಿ ಇ.ಬಿ.ಯೂ ಇದೆ. 2021ರ ಅಕ್ಟೋಬರ್‌ನ ನಿಯಮಾವಳಿ ಪ್ರಕಾರ ವಿದ್ಯುತ್ ವಿತರಣಾ ಕಂಪನಿಗಳೂ ವರ್ಷಕ್ಕೊಮ್ಮೆ ಆಡಿಟ್, ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಸಬ್‌ಸ್ಟೇಷನ್‌ನಿಂದ ಹೊರಟ ಕರೆಂಟಿನಲ್ಲಿ ಬಿಲ್ಲಾದದ್ದೆಷ್ಟು, ತಂತಿಯಲ್ಲೇ ಕರಗಿದ್ದೆಷ್ಟು ಎಂಬ ಲೆಕ್ಕ ಅದು. ಮಿಲ್ಲಿಗೊಂದು ನ್ಯಾಯ, ಇ.ಬಿ.ಗೊಂದು ನ್ಯಾಯ ಎಂಬ ಹಳೇ ದೂರಿಗೆ ಈ ಮಟ್ಟಿಗೆ ಉತ್ತರ ಸಿಕ್ಕಿದೆ.

ಮಗ್ಗದ ಮನೆಗೆ ಉಚಿತ ಯೂನಿಟ್

ಗೆರೆಯಿಂದ ಇನ್ನೂ ಕೆಳಗೆ ಇಳಿದರೆ ಮಗ್ಗದ ಮನೆಗಳು. ಇಲ್ಲಿ ಆಡಿಟ್ ಮಾತೇ ಬರೋದಿಲ್ಲ, ಯಾಕೆಂದರೆ ಸರ್ಕಾರ ಬೇರೆ ದಾರಿ ಹಿಡಿದಿದೆ. ತಮಿಳುನಾಡಿನಲ್ಲಿ ವಿದ್ಯುತ್ ಮಗ್ಗದವರಿಗೆ ಎರಡು ತಿಂಗಳಿಗೆ 750 ಯೂನಿಟ್ ಉಚಿತವಿತ್ತು, 2023ರಲ್ಲಿ ಅದು 1,000ಕ್ಕೆ ಏರಿತು. ಕೈಮಗ್ಗಕ್ಕೆ 200 ಇದ್ದದ್ದು 300 ಆಯಿತು. ನೇಕಾರನ ಕೈಗೆ ನಾಲ್ಕು ಕಾಸು ಉಳಿಯುವ ಈ ನೆರವನ್ನು ತೆಗಳುವವರಿಗೆ ಮಗ್ಗದ ಮನೆಯ ಕಷ್ಟ ಗೊತ್ತಿಲ್ಲ. ಹಾಗಿದ್ದರೂ ಒಂದು ಮಾತು ಉಳಿಯುತ್ತದೆ. ಉಚಿತ ಯೂನಿಟ್ ಒಳಗೆ ಓಡುವವರೆಗೆ ಹಳೇ ಮೋಟಾರಿನ ಚಿಂತೆ ಯಾರಿಗೂ ಇರೋದಿಲ್ಲ. ಮಗ್ಗ ಎರಡಿದ್ದದ್ದು ನಾಲ್ಕಾಗಿ ಉಚಿತದ ಮಿತಿ ದಾಟಿದ ತಿಂಗಳು ಮೋಟಾರಿನ ಹಳೇತನ ಒಮ್ಮೆಲೇ ಬಿಲ್ಲಿನಲ್ಲಿ ಕಾಣಿಸುತ್ತದೆ.

ಕಡ್ಡಾಯದ ಹೊರಗಿರುವ ಸಣ್ಣ ಮಿಲ್ಲುಗಳಿಗೆ ದಾರಿ ಪೂರ್ತಿ ಮುಚ್ಚಿಲ್ಲ. ತಮಿಳುನಾಡಿನ ಸಣ್ಣ ಕೈಗಾರಿಕೆಗಳ ಇಲಾಖೆಯ 'ಪೀಸ್' ಯೋಜನೆಯಲ್ಲಿ ಆಡಿಟ್ ಫೀಜಿನ ಒಂದು ಪಾಲನ್ನೂ, ಆಡಿಟರ್ ಸೂಚಿಸಿದ ಯಂತ್ರ ಹಾಕಿದರೆ ಅದರ ಬೆಲೆಯ ಒಂದು ಪಾಲನ್ನೂ ಸರ್ಕಾರ ಹಿಂದಿರುಗಿಸುತ್ತದೆ. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ. ಮೊದಲು ಕೈಯಿಂದ ಹಾಕಿ ಆಮೇಲೆ ವಾಪಸ್ ಪಡೆಯುವ ಪದ್ಧತಿಯಾದ್ದರಿಂದ ಕೈಯಲ್ಲಿ ಕಾಸಿಲ್ಲದವರು ಹಿಂಜರಿಯುವುದು ಸಹಜ.

ಆಡಿಟ್ ಮಾಡುವ ಕಡೆಯಿಂದಲೂ ಈ ಸೀಮೆಯ ಹುಡುಗರಿಗೆ ಅವಕಾಶವಿದೆ. ಬಿಇಇ ಪರವಾಗಿ ನಡೆಯುವ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಎನರ್ಜಿ ಮ್ಯಾನೇಜರ್ ಆಗಲು ಮೂರು ಪತ್ರಿಕೆ, ಆಡಿಟರ್ ಆಗಲು ನಾಲ್ಕು. ಎಂಜಿನಿಯರಿಂಗ್ ಓದು ಮಾತ್ರ ಸಾಲದು, ಕೆಲಸದ ಅನುಭವವೂ ಬೇಕು. ಡಿಪ್ಲೊಮಾ ಮುಗಿಸಿ ವರ್ಷಗಟ್ಟಲೆ ಮಿಲ್ಲಿನ ಎಲೆಕ್ಟ್ರಿಕಲ್ ಸೆಕ್ಷನ್‌ನಲ್ಲಿ ಕೈ ಕಪ್ಪು ಮಾಡಿಕೊಂಡವರಿಗೂ ಬಾಗಿಲು ತೆರೆದಿದೆ. ಮೋಟಾರಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎನ್ನಬಲ್ಲ ಅಂಥವರು ತೇನಿ, ದಿಂಡಿಗಲ್‌ನಲ್ಲಿ ಬೇಕಾದಷ್ಟು ಸಿಗುತ್ತಾರೆ. ಅವರ ಹತ್ತಿರ ಸರ್ಟಿಫಿಕೇಟ್ ಇಲ್ಲ ಅಷ್ಟೆ.

ಈಗ ಮಿಲ್ಲಿನವರು ಕಣ್ಣಿಡಬೇಕಾದದ್ದು 2025ರ ಜುಲೈನಲ್ಲಿ ಕೇಂದ್ರ ಶುರುಮಾಡಿದ 'ಅದಿತಿ' ಯೋಜನೆಯ ಮೇಲೆ. 1,000 ಕೋಟಿ ರೂ.ಗಳ ಈ ಯೋಜನೆಯಲ್ಲಿ ಜವಳಿ ಸೇರಿ 14 ವಲಯಗಳ ಸಣ್ಣ, ಮಧ್ಯಮ ಘಟಕಗಳಿಗೆ ಆಡಿಟ್‌ನಿಂದ ಹಿಡಿದು ಕೊನೆಯ ಅಳತೆಯವರೆಗೆ ನೆರವಿದೆ. ಇಂಧನ ಉಳಿಸುವ ಯಂತ್ರಕ್ಕೆ ಸಾಲ ತೆಗೆದರೆ ಅತಿಸಣ್ಣ, ಸಣ್ಣ ಘಟಕಗಳಿಗೆ ಬಡ್ಡಿಯಲ್ಲಿ ಶೇ. 5, ಮಧ್ಯಮಕ್ಕೆ ಶೇ. 3 ರಿಯಾಯಿತಿ. ಷರತ್ತು ಏನೆಂದರೆ ಯಂತ್ರ ಹಾಕಿದ ಮೇಲೆ ಕನಿಷ್ಠ ಶೇ. 10ರಷ್ಟು ಉಳಿತಾಯವನ್ನು ಅಳೆದು ತೋರಿಸಬೇಕು. ಅವಧಿ 2027–28ರವರೆಗೆ. ಅಷ್ಟರೊಳಗೆ ಬಿಲ್ಲು, ಉತ್ಪಾದನೆಯ ರಿಜಿಸ್ಟರು, ಮೋಟಾರುಗಳ ಪಟ್ಟಿ ಸರಿಯಾಗಿ ಇಟ್ಟುಕೊಂಡ ಮಿಲ್ಲಿಗೆ ಕೆಲಸ ಹಗುರವಾಗುತ್ತದೆ.